ಅರ್ಧ ಪರದೆಯ ಖೂನಿ

ಮೊನ್ನೆ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಒಂದು ಖೂನಿಯಾಯಿತು, ರೊಟ್ಟಿಯೂ ಸೀದುಹೋಯಿತು. ಖೂನಿಯಾದದ್ದು ಮಗಳ ಲ್ಯಾಪ್‌ಟಾಪಿನ ಆಟದೊಳಗೆ, ಆದ್ದರಿಂದ ಪೊಲೀಸರು ಬರಲಿಲ್ಲ. ರೊಟ್ಟಿ ಸೀದದ್ದು ನಿಜವಾದ ಹಂಚಿನ ಮೇಲೆ, ಆದ್ದರಿಂದ ಪಕ್ಕದ ಮನೆಯಾಕೆ ಬಾಗಿಲ ತನಕ ಬಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ವಿಚಾರಿಸಿ ಹೋದಳು. ಬಿಳಿಜೋಳದ ರೊಟ್ಟಿ ಸೀದರೆ ಬರುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಮೊದಲು ಏನೋ ಹುರಿಯುತ್ತಿದ್ದಾರೆ ಅನ್ನುವಷ್ಟು ಹಿತವಾಗಿರುತ್ತದೆ, ಆಮೇಲೆ ಗಂಟಲು ಹಿಡಿಯುತ್ತದೆ. ಆ ಹೊಗೆಯಲ್ಲಿ ಕೆಮ್ಮುತ್ತ, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತ, ಅಡುಗೆಮನೆಯಿಂದ ಆಟದ ಪರದೆಯತ್ತ ಇಣುಕಿ ನಾನು ಮಗಳಿಗೆ ಕೂಗಿ ಕೇಳಿದೆ: “ಆ ಕಡಿ ಯಾರದಾರ ಬೇ?”

ಕೇಳಿದ ಮೇಲೆ ನನಗೇ ಗಾಬರಿಯಾಯಿತು. ಅದು ನನ್ನ ಮಾತಲ್ಲ. ಇಪ್ಪತ್ತೇಳು ವರ್ಷಗಳ ಹಿಂದೆ, ಮಾದನಹಿಪ್ಪರಗಾದ ನನ್ನ ತವರುಮನೆಯಲ್ಲಿ, ಇಂಥದೇ ಹೊತ್ತಿಗೆ ಒಲೆಯ ಮುಂದೆ ಕೂತು ನಮ್ಮ ವೈನಿ ಕೇಳುತ್ತಿದ್ದ ಮಾತು. ವೈನಿ ಅಂದರೆ ಅಣ್ಣನ ಹೆಂಡತಿ. ನಿಮ್ಮ ಕಡೆ ಅತ್ತಿಗೆ ಅನ್ನುತ್ತೀರಿ. ನಾವು ಮಹಾರಾಷ್ಟ್ರದ ಗಡಿಯವರು, ವೈನಿ ಅಂದರೇ ನಮಗೆ ಆ ಮುಖ ಕಾಣುತ್ತದೆ.

ಮಗಳು ನಕ್ಕಳು. “ಅವ್ವಾ, ಇದು ಸಿನಿಮಾ ಅಲ್ಲ, ಗೇಮ್. ತಿರುಗಿಸಿದ್ರ ಆ ಕಡಿನೂ ಕಾಣ್ತದ, ನೋಡು.”

ತಿರುಗಿಸಿದಳು. ಹಳೆಯದೊಂದು ಬಂಗಲೆ, ಅದರೊಳಗಿನ ಕೋಣೆ ಇಡಿಯಾಗಿ ಸುತ್ತು ಹೊಡೆಯಿತು. ಇಷ್ಟು ಹೊತ್ತು ಬೆನ್ನ ಹಿಂದೆ ಇದ್ದ ಕಪಾಟು, ಕಿಟಕಿ, ಕಿಟಕಿಯ ಹತ್ತಿರ ಮೇಣದಬತ್ತಿ ಹಿಡಿದು ಸುಮ್ಮನೆ ನಿಂತಿದ್ದ ಅಡುಗೆಯವ, ಎಲ್ಲ ಕಂಡವು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎರಡನೆಯ ರೊಟ್ಟಿಯೂ ಸೀದಿತು.

ನನ್ನ ಯೋಗ್ಯತೆ ಎಷ್ಟೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಸಿನಿಮಾ ವಿಮರ್ಶೆ ಮಾಡುವವಳಲ್ಲ. ಜೇವರ್ಗಿಯಲ್ಲಿ ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ ಇವೇ ನನ್ನ ಸಾಹಿತ್ಯ. ಎರಡು ಗಿರಾಕಿಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಫೋನಿನೊಳಗೆ ಖೂನಿ ನೋಡುತ್ತೇನೆ. ಒಮ್ಮೆ ನೆಲೋಗಿಯಿಂದ ಬಂದ ಮುತ್ಯಾ ಒಬ್ಬರು ಪಹಣಿ ಹಿಡಿದುಕೊಂಡು ನಿಂತು ನಿಂತು ಸಾಕಾಗಿ, “ಯವ್ವಾ, ಅಂವ ಸಿಕ್ಕ ಮ್ಯಾಲರ ನನ್ನ ಕಾಗದಾ ಕೊಡ್ತೀಯೇನು?” ಎಂದು ಕೇಳಿದ್ದರು. ಕೊಟ್ಟೆ. ಅವರೂ ಹತ್ತು ನಿಮಿಷ ಕೂತು ನೋಡಿದರು. ಬಸ್ಸು ತಪ್ಪಿಸಿಕೊಂಡದ್ದಕ್ಕೆ ನನ್ನನ್ನೇ ಬೈದರು.

ಹೊಸ ಖೂನಿ ಸಿನಿಮಾಗಳ ಬಗ್ಗೆ ನನಗೆ ತಕರಾರುಗಳಿವೆ. ಮೊದಲನೆಯದು ಕತ್ತಲೆ. ಖೂನಿಯಾದವನ ಮನೆಯಲ್ಲಿ ಲೈಟು ಹಾಕಲು ಯಾರಿಗೂ ತಿಳಿಯುವುದಿಲ್ಲ, ಇನ್‌ಸ್ಪೆಕ್ಟರ್ ಕೂಡ ಟಾರ್ಚ್ ಹಿಡಿದುಕೊಂಡೇ ಓಡಾಡುತ್ತಾನೆ. ಆ ಇನ್‌ಸ್ಪೆಕ್ಟರಿಗೋ ಸದಾ ಜ್ವರ ಬಂದವನ ಮುಖ, ನಗುವುದೇ ಇಲ್ಲ, ಉಣ್ಣುವುದೂ ಇಲ್ಲ. ಒಂದು ಹೆಣಕ್ಕೆ ಎಂಟು ಕಂತು. ಕೊನೆಗೆ ಖೂನಿ ಮಾಡಿದವನು ಯಾರೋ ಗುರುತಿಲ್ಲದವನು, ಏಳನೆಯ ಕಂತಿನಲ್ಲಿ ಬಂದವನು, ಅವನಿಗೆ ಚಿಕ್ಕಂದಿನಲ್ಲಿ ಯಾರೋ ಏನೋ ಅಂದಿದ್ದರಂತೆ. ಇಂಥವನನ್ನು ನಾವು ಕುಳಿತಲ್ಲಿಂದ ಹಿಡಿಯುವುದಾದರೂ ಹೇಗೆ? ಇನ್ನು ಕನ್ನಡ ಸಿನಿಮಾದಲ್ಲಿ ಯಾರಾದರೂ ನಮ್ಮ ಕಡೆಯ ಮಾತಾಡಿದನೋ, ಅವನು ರೌಡಿಯ ಹಿಂದೆ ಮಚ್ಚು ಹಿಡಿದು ನಿಲ್ಲುವವನೇ ಸೈ. ಎರಡು ದೃಶ್ಯದಲ್ಲಿ ಸಾಯುತ್ತಾನೆ. ಅವನು “ಏನ್ಲೇ” ಅಂದ ಕೂಡಲೇ ಪಾಪ ಅನಿಸುತ್ತದೆ, ನಮ್ಮೂರವನಲ್ಲವೇ.

ಆಟಗಳ ವಿಷಯ ಬೇರೆ. ಮಗಳು ಕಲಬುರಗಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಆರು ದಿನ ನಿಜವಾದ ರಕ್ತ ನೋಡಿ ಏಳನೆಯ ದಿನ ಸುಳ್ಳು ರಕ್ತ ನೋಡಲು ಜೇವರ್ಗಿಗೆ ಬರುತ್ತಾಳೆ. ಮೊದಮೊದಲು ಕಾರು ಕದ್ದು ಓಡಿಸುವ ಆಟವೊಂದನ್ನು ನನ್ನ ಕೈಗೆ ಕೊಟ್ಟಳು. ನಾನು ಕೆಂಪು ದೀಪ ಬಂದಲ್ಲೆಲ್ಲ ನಿಲ್ಲಿಸಿದೆ. ಹಿಂದಿನವರು ಗುದ್ದಿದರು, ಪೊಲೀಸರು ಗುಂಡು ಹಾರಿಸಿದರು, ಮಗಳು ತಲೆ ತಲೆ ಚಚ್ಚಿಕೊಂಡಳು. ಈ ಬಂಗಲೆಯ ಆಟ ಮಾತ್ರ ನನಗೆ ಹಿಡಿಸಿತು. ಒಬ್ಬ ಸಾಹುಕಾರ ಸತ್ತಿದ್ದಾನೆ. ಮನೆಯೊಳಗೆ ಐದೇ ಮಂದಿ: ಒಬ್ಬ ಮುದುಕಿ, ಒಬ್ಬ ವಕೀಲ, ಅಡುಗೆಯವ, ತೋಟದ ಆಳು, ಚಿತ್ರ ಬರೆಯುವ ಹೆಣ್ಣುಮಗಳು. ನಾವೇ ಪತ್ತೇದಾರರು. ಎಲ್ಲ ನೋಡಿಯಾದ ಮೇಲೆ ಒಂದು ಹೆಸರು ಹೇಳಬೇಕು.

ನಮ್ಮ ವೈನಿ ಇದ್ದಿದ್ದರೆ ಅರ್ಧ ತಾಸಿನಲ್ಲಿ ಹೇಳಿಬಿಡುತ್ತಿದ್ದಳು ಎಂದು ಅನಿಸಿತು. ಅನಿಸಿದ ಕೂಡಲೇ ಎದೆಯಲ್ಲಿ ಹಳೆಯದೊಂದು ಮುಳ್ಳು ಆಡಿತು. ವೈನಿ ಇದ್ದಾಳೆ, ಗಟ್ಟಿಮುಟ್ಟಾಗಿ ಮಾದನಹಿಪ್ಪರಗಾದಲ್ಲೇ ಇದ್ದಾಳೆ. ಅವಳ ಜೊತೆ ಕೂತು ಖೂನಿ ನೋಡುವ ಸುಖವನ್ನು ಕಳೆದುಕೊಂಡವಳು ನಾನು. ಕಳೆದದ್ದೂ ನಾನೇ, ಒಂದು ಸುಳ್ಳು ಹೇಳಿ.

ವೈನಿ ಹವಳಗಾದಿಂದ ಬಂದವಳು. ಆಗ ನಾನು ಕಾಲೇಜಿನಲ್ಲಿದ್ದೆ. ಅಣ್ಣನಿಗೆ ಸಿನಿಮಾ ಹುಚ್ಚು. ಸೊಲ್ಲಾಪುರದಿಂದ ಹಳೆಯದೊಂದು ವಿಸಿಪಿ ಕೊಂಡುತಂದಿದ್ದ. ಶನಿವಾರ ಆಳಂದದಿಂದ ಬಾಡಿಗೆ ಕ್ಯಾಸೆಟ್ ತರುವುದು, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸು ಕೊಡುವುದು. ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಸಿನಿಮಾ ಶುರು. ರೊಟ್ಟಿ ಬಡಿಯುವ ಹೊತ್ತೂ ಅದೇ.

ನಮ್ಮದು ಕಲ್ಲಿನ ಮನೆ, ಗೋಡೆ ಎರಡು ಮೊಳ ದಪ್ಪ, ಬಾಗಿಲು ಸಣ್ಣವು. ಒಲೆಯ ಮುಂದೆ ಕೂತರೆ ಬಾಗಿಲಿನಿಂದ ಟೀವಿಯ ಎಡಗಡೆಯ ಅರ್ಧ ಮಾತ್ರ ಕಾಣುತ್ತಿತ್ತು. ಬಲಗಡೆಯ ಅರ್ಧವನ್ನು ಗೋಡೆ ನುಂಗುತ್ತಿತ್ತು. ಟೀವಿ ಸರಿಸಬಹುದಿತ್ತಲ್ಲ ಅನ್ನುತ್ತೀರಿ. ಪ್ಲಗ್ಗು ಇದ್ದದ್ದು ಅಲ್ಲೊಂದೇ. ರೊಟ್ಟಿ ಮೊದಲೇ ಮಾಡಿಡಬಹುದಿತ್ತಲ್ಲ ಅನ್ನುತ್ತೀರಿ. ಆರಿದ ರೊಟ್ಟಿಯನ್ನು ನಮ್ಮ ಅವ್ವನ ಮುಂದೆ ಇಟ್ಟು ನೋಡಬೇಕಿತ್ತು ನೀವು. ನೀನೇ ಬಡಿಯಬಹುದಿತ್ತಲ್ಲ ಅನ್ನುತ್ತೀರಿ. ಅದನ್ನು ಮಾತ್ರ ಕೇಳಬೇಡಿ. ನನ್ನ ರೊಟ್ಟಿ ನಾಲ್ಕು ಕಡೆ ಹರಿದು, ಹಂಚಿಗೆ ಹೋಗುವಷ್ಟರಲ್ಲಿ ಎರಡಾಗುತ್ತಿತ್ತು.

ಆದ್ದರಿಂದ ನನ್ನ ಜಾಗ ಬಾಗಿಲ ಪಕ್ಕ. ಹೊಸ್ತಿಲ ಮೇಲೆ ಕೂತರೆ ಅವ್ವ ಬೈಯುತ್ತಿದ್ದಳು, ಹಾಗಾಗಿ ಹೊಸ್ತಿಲಿಗೆ ಅಂಟಿಕೊಂಡು ಪಡಸಾಲೆಯ ಬದಿಗೆ. ನನಗೆ ಟೀವಿ ಇಡೀ ಕಾಣುತ್ತಿತ್ತು. ವೈನಿಗೆ ಅರ್ಧ ಟೀವಿ, ಜೊತೆಗೆ ನಾನು. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಅವಳಿಗೆ ಒಂದು ಮಾತೂ ಕೇಳುತ್ತಿರಲಿಲ್ಲ. ಆಗಾಗ ಕೈ ನಿಲ್ಲಿಸಿ, “ಆ ಕಡಿ ಯಾರದಾರ ಬೇ?” ಎಂದು ಕೇಳುವಳು. ನಾನು, “ಮಾಲೀಕನ ತಮ್ಮ ಅದಾನ್ರಿ, ಚಹಾ ಕುಡ್ಯಾಕತ್ತಾನ,” ಅನ್ನುವೆ. “ಕುಡ್ಯಾಕತ್ತಾನೋ, ಕಪ್ಪು ಹಿಡ್ಕೊಂಡು ಕುಂತಾನೋ?” ಅನ್ನುವಳು. ನೋಡಿದರೆ ನಿಜವಾಗಿಯೂ ಬರೀ ಕಪ್ಪು ಹಿಡಿದುಕೊಂಡು ಕೂತಿರುತ್ತಿದ್ದ.

ನಮ್ಮ ಕಡೆ ಖೂನಿ ಅಂದರೆ ಕೊಲೆ, ಖೂನ ಅಂದರೆ ಗುರುತು. ಬಹಳ ದಿನದ ಮೇಲೆ ಕಂಡವರನ್ನು “ಖೂನ ಸಿಕ್ತೇನು?” ಎಂದು ಕೇಳುತ್ತೇವೆ. ವೈನಿ ಎರಡನ್ನೂ ಒಂದೇ ಉಸಿರಿನಲ್ಲಿ ಅನ್ನುವಳು: “ಖೂನಿ ಮಾಡಿದಾಂವಗ ಖೂನ ಇದ್ದ ಇರ್ತದ ಬೇ. ಎಲ್ಲಾರಕಿಂತ ಮೊದಲ ಯಾರು ಅಳ್ತಾನ ನೋಡು.” ಕೊನೆಯ ರೊಟ್ಟಿ ಹಂಚಿಗೆ ಬೀಳುವ ಮೊದಲೇ ಅವಳು ಹೆಸರು ಹೇಳಿಬಿಡುತ್ತಿದ್ದಳು. ಅರ್ಧ ಟೀವಿ ನೋಡಿ, ಮಾತು ಒಂದೂ ಕೇಳದೆ. ಎರಡು ವರ್ಷದಲ್ಲಿ ಒಂದು ಸಲವೂ ತಪ್ಪಿದ್ದನ್ನು ನಾನು ಕಾಣಲಿಲ್ಲ. ಮುಂದೆ ಕೂತು ಕಣ್ಣು ಬಿಟ್ಟುಕೊಂಡು ನೋಡುವ ನಾನು ಪ್ರತಿ ಸಲವೂ ಯಾರೋ ಪಾಪದವನನ್ನು ಹಿಡಿಯುತ್ತಿದ್ದೆ. ಅಣ್ಣ ನನ್ನನ್ನು ತೋರಿಸಿ, “ಇಕಿ ಪೊಲೀಸ್ ಆಗಿದ್ರ ಊರಿಗೂರ ಜೈಲಿನಾಗ ಇರ್ತಿತ್ತು,” ಎಂದು ನಗುತ್ತಿದ್ದ.

ನನ್ನ ಮದುವೆಗೆ ಎಂಟು ದಿನ ಉಳಿದಿತ್ತು. ಮನೆತುಂಬ ನೆಂಟರು, ಬುಟ್ಟಿಗಟ್ಟಲೆ ರೊಟ್ಟಿ. ಆ ಶನಿವಾರದ ಕ್ಯಾಸೆಟ್ಟಿನಲ್ಲಿ ಒಂದು ಕೂಡು ಕುಟುಂಬ, ಕಿರಿಯ ಮಗನ ಖೂನಿ. ಅರ್ಧ ಸಿನಿಮಾ ಆಗುವಷ್ಟರಲ್ಲಿ ವೈನಿ ಹಿಟ್ಟಿನ ಕೈ ಎತ್ತಿ, “ಆ ಮನಿ ವೈನಿನ ಮಾಡ್ಯಾಳ. ಗ್ಯಾರಂಟಿ,” ಅಂದಳು. ಪಡಸಾಲೆಯೆಲ್ಲ ನಕ್ಕಿತು. ನಾನು, “ಇಲ್ರಿ, ಡಾಕ್ಟರ್,” ಅಂದೆ.

“ಶರತ್ ಕಟ್ತಿಯೇನು?” ಅಂದಳು ವೈನಿ. “ನಾ ಗೆದ್ರ ನಾಳಿ ಸಂಜಿಕ ರೊಟ್ಟಿ ನೀ ಬಡಿ. ನಾ ಪಡಸಾಲ್ಯಾಗ ಕುಂತು ಈ ಸಿನಿಮಾ ಮೊದಲಿಂದ ನೋಡ್ತೇನಿ. ಪೂರ್ತಿ.” ಪೂರ್ತಿ ಅನ್ನುವಾಗ ಹಿಟ್ಟು ಮೆತ್ತಿದ ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಚೌಕ ಬರೆದಳು, ಈ ತುದಿಯಿಂದ ಆ ತುದಿಗೆ. ಆ ಚೌಕ ನನಗೆ ಇವತ್ತಿಗೂ ಕಾಣುತ್ತದೆ.

ಕೊನೆಯ ದೃಶ್ಯ ಬರುವ ಹೊತ್ತಿಗೆ ನೆಂಟರು ಊಟಕ್ಕೆ ಎದ್ದಿದ್ದರು. ಅಣ್ಣ ಅಂಗಳದಲ್ಲಿ ಪೆಂಡಾಲಿನವನ ಜೊತೆ ಮಾತಾಡುತ್ತಿದ್ದ, ಅವ್ವ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ನೋಡುತ್ತಿದ್ದವಳು ನಾನೊಬ್ಬಳೇ. ಎಡಗಡೆಯಲ್ಲಿ ಇನ್‌ಸ್ಪೆಕ್ಟರ್ ನಿಂತು ಬಲಗಡೆಗೆ ಬೆರಳು ಚಾಚಿದ. ವೈನಿಗೆ ಕಂಡದ್ದು ಆ ಬೆರಳು ಮಾತ್ರ. ಬಲಗಡೆಯಲ್ಲಿ, ಗೋಡೆ ನುಂಗಿದ ಅರ್ಧದಲ್ಲಿ, ಆ ಮನೆಯ ವೈನಿ ತಲೆತಗ್ಗಿಸಿ ನಿಂತಿದ್ದಳು.

ರೊಟ್ಟಿಯ ಸಪ್ಪಳ ನಿಂತಿತು. “ಆ ಕಡಿ ಯಾರದಾರ ಬೇ?”

ಮರುದಿನ ಜೇವರ್ಗಿಯಿಂದ ನನ್ನ ಆಗುವ ಅತ್ತೆ ಬರುವವರಿದ್ದರು. ನನ್ನ ಹರಕು ರೊಟ್ಟಿ ಕಣ್ಣ ಮುಂದೆ ಬಂತು. ಇದೊಂದೇ ಕಾರಣ ಅಂದರೆ ಮತ್ತೊಂದು ಸುಳ್ಳಾಗುತ್ತದೆ. ಒಂದು ಸಲವಾದರೂ ಅವಳನ್ನು ಗೆಲ್ಲಬೇಕು ಅನ್ನುವ ಹೊಟ್ಟೆಕಿಚ್ಚೂ ಇತ್ತು. ನಾನು ಅಡುಗೆಮನೆಯ ಕಡೆ ತಿರುಗಿ, ಅವಳನ್ನೇ ನೋಡುತ್ತ, “ಡಾಕ್ಟರ್ ರಿ ವೈನಿ,” ಅಂದೆ.

“ಹೌದಾ?” ಅಂದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಮರುದಿನ ಸಂಜೆಯೂ ರೊಟ್ಟಿ ಅವಳೇ ಬಡಿದಳು. ಅತ್ತೆ ಒಂದು ತುತ್ತು ಮುರಿದು, “ರೊಟ್ಟಿ ಭಾಳ ಮೆತ್ತಗ ಆಗ್ಯಾವ್ರಿ,” ಅಂದರು. ನಮ್ಮ ಅವ್ವ ಹಿಂದೆ ಮುಂದೆ ನೋಡದೆ, “ನಮ್ಮ ಹುಡುಗಿನ ಬಡದಾಳ್ರಿ,” ಅಂದುಬಿಟ್ಟಳು. ವೈನಿ ನೀರಿನ ತಂಬಿಗೆ ಇಟ್ಟು ಒಳಗೆ ಹೋದಳು. ಸೋಮವಾರ ಬೆಳಿಗ್ಗೆ ಕ್ಯಾಸೆಟ್ಟು ಆಳಂದಕ್ಕೆ ಹೋಯಿತು. ಮದುವೆಯಾಗಿ ನಾನು ಜೇವರ್ಗಿಗೆ ಬಂದೆ. ಅತ್ತೆಗೆ ನನ್ನ ರೊಟ್ಟಿಯ ಸತ್ಯ ನಾಲ್ಕೇ ದಿನದಲ್ಲಿ ತಿಳಿಯಿತು, ಅದು ಬೇರೆ ಕಥೆ.

ಪಂಚಮಿಗೆ ತವರಿಗೆ ಹೋದಾಗ ನೋಡಿದೆ. ವೈನಿ ಒಲೆಯ ಆಚೆ ಬದಿಗೆ ಮಣೆ ಸರಿಸಿಕೊಂಡಿದ್ದಳು. ಅಲ್ಲಿಂದ ಟೀವಿ ಅರ್ಧವೂ ಕಾಣುತ್ತಿರಲಿಲ್ಲ. ಕೇಳಿದರೆ, “ಬಿಡು ಬೇ, ಸಾಕಾಗ್ಯಾದ,” ಅಂದಳು. ಅಣ್ಣ, “ಈಗ ಖೂನಿ ಹಿಡ್ಯೂದ ಬಿಟ್ಟಾಳ,” ಅಂದ. ಮೊದಲ ಸಲ ಸೋತು ಅವಳ ಧೈರ್ಯ ಹೋಯಿತು, ತನ್ನ ಕಣ್ಣಿನ ಮೇಲೆ ಅವಳಿಗಿದ್ದ ನಂಬಿಕೆಯನ್ನೇ ನಾನು ಕಿತ್ತುಕೊಂಡೆ ಎಂದು ನನಗೆ ಖಾತ್ರಿಯಾಯಿತು. ಆವತ್ತೇ ಹೇಳಬಹುದಿತ್ತು. ನಾಚಿಕೆಯಾಯಿತು. ಆಮೇಲೆ ವಿಸಿಪಿ ಮಾರಿದರು, ಅವ್ವ ತೀರಿಹೋದಳು. ಮದುವೆ, ಕುಬಸ, ತೊಟ್ಟಿಲು ಎಂದು ಎಷ್ಟೋ ಸಲ ವೈನಿಯನ್ನು ಕಂಡೆ. ಸೀರೆ, ಮಕ್ಕಳು, ಮೊಣಕಾಲು ನೋವು ಎಲ್ಲ ಮಾತಾಡಿದೆವು. ಅದೊಂದು ಮಾತ್ರ ನನ್ನ ಬಾಯಿಗೆ ಬರಲಿಲ್ಲ. ಯಾವ ಸಿನಿಮಾ ನೋಡಿದರೂ ಅರ್ಧವೇ ನೋಡಿದ ಹಾಗೆ ಅನಿಸುತ್ತಿತ್ತು. ಹೊಸ ಸಿನಿಮಾಗಳ ಬಗ್ಗೆ ಮೇಲೆ ಹೇಳಿದ ತಕರಾರುಗಳಲ್ಲಿ ಎಷ್ಟು ಸಿನಿಮಾದ ತಪ್ಪು, ಎಷ್ಟು ವೈನಿ ಪಕ್ಕದಲ್ಲಿ ಇಲ್ಲದ ತಪ್ಪು, ನೀವೇ ಅಂದಾಜು ಮಾಡಿಕೊಳ್ಳಿ.

ಮೊನ್ನೆ ಎರಡು ರೊಟ್ಟಿ ಸೀದ ಮೇಲೆ ನಿಶ್ಚಯ ಮಾಡಿದೆ. ಆ ಹಳೆಯ ಸಿನಿಮಾದ ಹೆಸರೂ ನೆನಪಿಲ್ಲ, ಅದನ್ನು ತಂದು ತೋರಿಸಲಾರೆ. ಈ ಆಟವನ್ನಾದರೂ ತೋರಿಸಬಹುದು. ಇದರಲ್ಲಿ ಗೋಡೆ ಯಾವ ಅರ್ಧವನ್ನೂ ನುಂಗುವುದಿಲ್ಲ. ಮಗಳು ಈ ಸಲ ರಜೆ ಹಾಕಿ ಬಂದಿದ್ದಳು, ಇನ್ನೂ ಎರಡು ದಿನ ಇತ್ತು. ಲ್ಯಾಪ್‌ಟಾಪ್ ಬೇಡಿಕೊಂಡೆ, ಯಾವುದು ಒತ್ತಿದರೆ ನಡೆಯುತ್ತದೆ, ಯಾವುದು ಒತ್ತಿದರೆ ತಿರುಗುತ್ತದೆ ಎಂದು ಕಾಗದದಲ್ಲಿ ಬರೆಸಿಕೊಂಡೆ. ಅಂಗಡಿಯ ಬಾಗಿಲು ಹಾಕಿ, ಕಲಬುರಗಿ, ಆಳಂದ ಎಂದು ಬಸ್ಸು ಬದಲಿಸುತ್ತ, ಬ್ಯಾಗನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಮಾದನಹಿಪ್ಪರಗಾಕ್ಕೆ ಹೋದೆ.

ಅಣ್ಣ ಹೊಲಕ್ಕೆ ಹೋಗಿದ್ದ, ಸೊಸೆ ಅಂಗನವಾಡಿ ಕೆಲಸದಿಂದ ಬಂದಿರಲಿಲ್ಲ. ವೈನಿಯ ತಲೆ ಪೂರ್ತಿ ಬೆಳ್ಳಗಾಗಿದೆ. ಗ್ಯಾಸು ಬಂದರೂ ರೊಟ್ಟಿಗೆ ಮಾತ್ರ ಅದೇ ಒಲೆ, ಅದೇ ಬಾಗಿಲು. ಟೀವಿ ಬೇರೆ ಗೋಡೆಗೆ ಹೋಗಿದೆ. ಅದು ಮೊದಲು ಇದ್ದ ಜಾಗದಲ್ಲಿ ಸ್ಟೂಲು ಹಾಕಿ ಲ್ಯಾಪ್‌ಟಾಪ್ ಇಟ್ಟೆ.

“ಇದೇನ ತಂದಿ?”

“ನೀವು ಇಲ್ಲಿ ಕೂಡ್ರಿ. ಇವತ್ತು ರೊಟ್ಟಿ ನಾ ಬಡಿತೇನಿ.”

“ಅಯ್ಯ, ನೀ ಬಡದ್ರ ಉಣ್ಣೋರು ಯಾರು?”

ಕೂತಳು. ಬೇಗ ಕಲಿತಳು. ಆದರೆ ಹೆಣದ ಹತ್ತಿರ ಹೋಗಲೇ ಇಲ್ಲ. ಬಂಗಲೆಯ ಒಂದೊಂದು ಕೋಣೆಗೂ ಹೋಗಿ, ನಡುವೆ ನಿಂತು, ಸುತ್ತ ತಿರುಗಿ ತಿರುಗಿ ನೋಡಿದಳು. ಬಾಗಿಲ ಹಿಂದೆ ನೋಡಿದಳು, ಕಪಾಟಿನ ಹಿಂದೆ ನೋಡಿದಳು. ಅಡುಗೆಮನೆ ಹೊಕ್ಕು, “ಇಷ್ಟ ದೊಡ್ಡ ಮನ್ಯಾಗ ಹಿಟ್ಟಿನ ಡಬ್ಬಿನ ಇಲ್ಲಲ್ಲ. ಏನ್ ತಿಂತಾರ ಇವ್ರು?” ಅಂದಳು. ಇಷ್ಟು ನೋಡಿ ನಾನು ಒಲೆಯ ಮುಂದೆ ಹೋಗಿ, ಬೆನ್ನು ತಿರುಗಿಸಿ ಕೂತು ರೊಟ್ಟಿ ಬಡಿಯತೊಡಗಿದೆ. ಮುಖ ನೋಡಿ ಹೇಳಲು ಧೈರ್ಯವಿರಲಿಲ್ಲ. ಸಪ್ಪಳದ ನಡುವೆಯೇ ಹೇಳಿದೆ: ಶರತ್ತು, ಡಾಕ್ಟರ್, ಸುಳ್ಳು, ಎಲ್ಲ.

“ಬಡಿಯೂದು ನಿಲ್ಸು. ಕೇಳವಲ್ದು.”

ನಿಲ್ಲಿಸಿ ಮತ್ತೆ ಮೊದಲಿಂದ ಹೇಳಿದೆ.

“ಗೊತ್ತದ,” ಅಂದಳು ವೈನಿ.

“ಯಾರು ಹೇಳಿದ್ರು?”

“ನೀನ ಹೇಳಿದಿ. ಡಾಕ್ಟರ್ ಅನ್ನುವಾಗ ಟೀವಿ ಬಿಟ್ಟು ನನ್ನ ಕಡಿ ನೋಡಿದಿ. ಖೂನಿ ಮಾಡಿದಾಂವ ಸಿಕ್ಕಾಗ ಯಾರರ ಟೀವಿ ಬಿಟ್ಟು ಅಡಗಿಮನಿ ನೋಡ್ತಾರೇನ ಹುಚ್ಚಿ?”

“ಮತ್ತ ಸುಮ್ಮನ್ಯಾಕ ಇದ್ರಿ?”

“ಎಂಟು ದಿನಕ್ಕ ಹೋಗಾಕಿ ಇದ್ದಿ. ಸೋತು ಹೋಗೂದು ಬ್ಯಾಡ ಅನಿಸ್ತು.”

ಇನ್ನೊಂದು ಕೇಳಲೇಬೇಕಿತ್ತು. “ಹಂಗಾದ್ರ ಆಮ್ಯಾಲ ನೋಡೂದು ಯಾಕ ಬಿಟ್ರಿ? ನಾ ತಿಳಕೊಂಡಿದ್ದೆ, ನನ್ನ ಸುಳ್ಳಿನಿಂದ…”

ತಿರುಗಿ ನೋಡಿದೆ, ವೈನಿ ನನ್ನ ಮುಖದತ್ತ ಬೆರಳು ತೋರಿಸಿದಳು. “ನನಗ ಟೀವಿ ಅರ್ಧ ಕಾಣ್ತಿತ್ತು. ಉಳಿದ ಅರ್ಧ ನಿನ್ನ ಮಾರಿ ಮ್ಯಾಲ ಕಾಣ್ತಿತ್ತು. ಅದರ ಬೆಳಕು ನಿನ್ನ ಮಾರಿ ಮ್ಯಾಲನ ಬೀಳ್ತಿತ್ತಲ್ಲ. ಯಾರು ಬಂದಾರ, ಯಾರ ಕೈ ನಡಗಾಕತ್ತದ, ಎಲ್ಲಾ ನಿನ್ನ ಮಾರಿ ನೋಡೇ ಹೇಳ್ತಿದ್ದೆ. ನೀ ಹೋದ ಮ್ಯಾಲ ಆ ಅರ್ಧ ಎಲ್ಲಿಂದ ತರ್ಲಿ?”

ಇಪ್ಪತ್ತೇಳು ವರ್ಷ ನಾನು ಅವಳ ಸೋಲಿಗಾಗಿ ನೊಂದುಕೊಂಡೆ. ಅವಳು ಸೋತೇ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ನಾನು, ಬಾಗಿಲ ಪಕ್ಕದ ನನ್ನ ಜಾಗದಲ್ಲಿ. ಅದನ್ನು ತಿಳಿಯದೆ ನಾನೂ ಜೇವರ್ಗಿಯಲ್ಲಿ ಕೂತು ಅವಳ ಪಕ್ಕದ ಆ ಜಾಗವನ್ನೇ ಬಯಸುತ್ತಿದ್ದೆ. ಒಂದು ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು. ನಾನು ಅತ್ತುಬಿಟ್ಟೆ. ಒಲೆಯ ಹೊಗೆ ಎಂದು ಸುಳ್ಳು ಹೇಳಲಿಲ್ಲ, ಸುಮ್ಮನೆ ಅತ್ತೆ.

“ಮೊದಲ ಅತ್ತಾಕಿ ನೀನ. ನಿನ್ನ ಮ್ಯಾಲ ಸಂಶಯ ಅದ,” ಅಂದಳು ವೈನಿ. “ರೊಟ್ಟಿ ಸೀದ್ವು ನೋಡು.”

ರೊಟ್ಟಿ ತಿರುವಿ ಹಾಕಿ, ಕಣ್ಣೊರೆಸಿಕೊಂಡು, ಈ ಸಲ ಬಾಗಿಲ ಕಡೆ ಮುಖ ಮಾಡಿ ಕೂತೆ. ನನಗೆ ಲ್ಯಾಪ್‌ಟಾಪಿನ ಅರ್ಧ ಕಾಣುತ್ತಿತ್ತು, ಪಕ್ಕದಲ್ಲಿ ವೈನಿಯ ಮುಖ, ಅದರ ಮೇಲೆ ನೀಲಿ ಬೆಳಕು. ಅವಳು ಈಗ ಹೆಣದ ಕೋಣೆಗೆ ಬಂದಿದ್ದಳು. ಅಲ್ಲಿ ಇಲ್ಲಿ ಏನೇನೋ ಮುಟ್ಟಿದಳು, ತಿರುಗಿದಳು. ಕೊನೆಗೆ ಹೆಸರು ಹೇಳುವ ಪಟ್ಟಿ ಬಂತೆಂದು ಕಾಣುತ್ತದೆ, ಬೆರಳು ಎತ್ತಿ ಹಿಡಿದಳು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ.

“ಆ ಕಡಿ ಯಾರದಾರ್ರಿ ವೈನಿ?”

“ಡಾಕ್ಟರ್,” ಅಂದಳು.

ಆ ಆಟದಲ್ಲಿ ಡಾಕ್ಟರ್ ಅನ್ನುವವರೇ ಇಲ್ಲ. ಹೇಳುವಾಗ ಅವಳು ಲ್ಯಾಪ್‌ಟಾಪ್ ಬಿಟ್ಟು ನನ್ನ ಕಡೆ ನೋಡುತ್ತಿದ್ದಳು.